ಬೀಗರ ಗಾಡಿಯ ಎಂಟು ಸ್ಟಡ್‌ಗಳು

ಗುರುತು ಪರಿಚಯ ಇಲ್ಲದವರ ಗಾಡಿ ರಿಪೇರಿ ಮಾಡುವಾಗ ನನ್ನ ಮಾನ ಒಂದು ದಿನವೂ ಹೋಗಿಲ್ಲ. ಯಾರ ಮುಂದೆ ಹೋಗಬಾರದೋ ಅವರು ಕುರ್ಚಿ ಹಾಕಿಕೊಂಡು ಎದುರಿಗೆ ಕೂತ ದಿನವೇ ಅದು ಹೋಗುತ್ತದೆ. ಹೋಗುವುದೂ ಒಂದೇ ಸಲಕ್ಕಲ್ಲ, ಇಷ್ಟಿಷ್ಟೇ ಹೋಗುತ್ತದೆ.

ಹೊಸಪೇಟೆಯಲ್ಲಿ ಸಂಡೂರು ರಸ್ತೆಗೆ ನನ್ನ ಗ್ಯಾರೇಜು. ಎಂಜಿನ್ನಿನ ಬಿಸಿ ಹೊಗೆ ಹೊರಗೆ ಬರುವ ಕಡೆ ಮ್ಯಾನಿಫೋಲ್ಡ್ ಅಂತ ಒಂದು ಬೀಡುಕಬ್ಬಿಣದ ಕೊಳವೆ ಇರುತ್ತದೆ. ಟರ್ಬೋ ಗಾಡಿಯಾದರೆ ಎಂಜಿನ್ನಿಗೆ ಗಾಳಿ ತುಂಬುವ ಆ ಟರ್ಬೋ ಅದಕ್ಕೇ ಜೋತುಬಿದ್ದಿರುತ್ತದೆ. ಇಷ್ಟೂ ಭಾರವನ್ನು ಎಂಜಿನ್ನಿಗೆ ಬಿಗಿದು ಹಿಡಿಯುವುದು ಬೆರಳುದ್ದದ ಎಂಟು ಸ್ಟಡ್ಡು, ಅಂದರೆ ತಲೆಯಿಲ್ಲದ ಬೋಲ್ಟು. ಅವು ದಿನಾ ಕಾದು, ದಿನಾ ಆರಿ, ತುಕ್ಕು ಹಿಡಿದು ಕೂತಿರುತ್ತವೆ. ಬಿಚ್ಚಲು ಹೋದರೆ ಅರ್ಧ ಕೈಗೆ ಬರುತ್ತದೆ, ಇನ್ನರ್ಧ ಎಂಜಿನ್ನಿನಲ್ಲೇ ಉಳಿಯುತ್ತದೆ. ಮುರಿಯದ ಹಾಗೆ ಬಿಚ್ಚುವುದು ಒಂದು ವಿದ್ಯೆ, ಆ ವಿದ್ಯೆಯಲ್ಲಿ ನನಗೆ ಹೆಸರಿತ್ತು.

ಮಗಳ ಮದುವೆ ಮಾತಿಗೆ ಕೂತಾಗ ಆ ಹೆಸರೇ ಕೆಲಸಕ್ಕೆ ಬಂತು. ಗಂಡಿನವರು ಕಂಪ್ಲಿಯ ರೈಸ್‌ಮಿಲ್ಲಿನ ಮಾಲೀಕರು, ಮರ್ಯಾದಸ್ಥರು. ನಮ್ಮ ಕಡೆಯ ಹಿರಿಯರೊಬ್ಬರು ಎದೆ ತಟ್ಟಿ, "ಇವ್ರ ಕೈಯಾಗ ಇವತ್ತಿನತನಕ ಒಂದ್ ಸ್ಟಡ್ ಮುರದಿಲ್ರಿ" ಅಂದುಬಿಟ್ಟರು. ಮುರಿದಿದ್ದವು, ಡಜನ್‌ಗಟ್ಟಲೆ. ಆದರೆ ನಾನು ತಲೆ ತಗ್ಗಿಸಿ ಉಪ್ಪಿಟ್ಟು ತಿನ್ನುತ್ತಾ ಸುಮ್ಮನಿದ್ದೆ. ಬೀಗರು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ನನ್ನ ಮಗಳು ಆ ಮನೆಯ ಹೊಸ್ತಿಲು ದಾಟಿದ್ದೇ ಸ್ಟಡ್ ಮುರಿಯದ ಮೇಸ್ತ್ರಿಯ ಮಗಳಾಗಿ.

ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ಬೀಗರ ಟರ್ಬೋ ಕಾರು ಟಿಕ್ ಟಿಕ್ ಅನ್ನತೊಡಗಿತು.

೧. ಮನೆಯಲ್ಲಿ ಮಾತ್ರ ಬರುವ ಸಪ್ಪಳ

ಬೀಗರು ಕಂಪ್ಲಿಯಿಂದ ಗಾಡಿ ಓಡಿಸಿಕೊಂಡು ಬಂದು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿ, "ಕೇಳ್ರಿ ಬೀಗ್ರ" ಅಂದರು. ಕಿವಿಗೊಟ್ಟೆ. ಎಂಜಿನ್ನು ನುಣ್ಣಗೆ ಓಡುತ್ತಿತ್ತು, ಏನೂ ಸಪ್ಪಳವಿಲ್ಲ.

"ಏನೂ ಇಲ್ಲಲ್ರಿ."

"ಮನ್ಯಾಗ ಟಿಕ್ ಟಿಕ್ ಅಂತೈತ್ರಿ."

ನಾನು ನಕ್ಕು, "ಇಷ್ಟ ವರ್ಷ ಮಿಲ್ ನಡಸೀರಿ. ಆ ಸಪ್ಪಳ ಕಿವ್ಯಾಗ ಕುಂತಿರ್ತೈತ್ರಿ" ಅಂದೆ.

ಸ್ಟಡ್ ಮುರಿದ ಗಾಡಿ ತಣ್ಣಗಿದ್ದಾಗ ಮಾತ್ರ ಸದ್ದು ಮಾಡುತ್ತದೆ, ಕಾದ ಮೇಲೆ ಕಬ್ಬಿಣ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಇದು ನಮ್ಮ ಕಸುಬಿನ ಮೊದಲ ಪಾಠ. ಕಂಪ್ಲಿಯಿಂದ ಹೊಸಪೇಟೆಗೆ ಬರುವಷ್ಟರಲ್ಲಿ ಎಂಥ ಗಾಡಿಯೂ ಕಾದಿರುತ್ತದೆ. ಬೀಗರನ್ನು ನೋಡಿದ ಗಾಬರಿಯಲ್ಲಿ ನನಗೆ ಅದೇ ಮರೆತುಹೋಗಿತ್ತು.

ಒಂದು ವಾರ ಬಿಟ್ಟು ಮತ್ತೆ ಬಂದರು. ಕೈಯಲ್ಲೊಂದು ಫೈಲು. ಬಳ್ಳಾರಿಗೆ ಹೋಗಿ ಕಿವಿ ತೋರಿಸಿಕೊಂಡು ಬಂದಿದ್ದರು. "ಡಾಕ್ಟ್ರು ಎಲ್ಡೂ ಕಿವಿ ಮಸ್ತ್ ಅದಾವ ಅಂದ್ರು ಬೀಗ್ರ. ಈಗ ಗಾಡಿ ನೋಡ್ರಿ" ಅಂದರು. ಆಗ ನನಗೆ ಮೊದಲ ಪಾಠ ನೆನಪಾಯಿತು. ಅದನ್ನು ಹೇಳಲು ಮುಖವಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಕಂಪ್ಲಿಗೆ ಹೋದೆ. ಬೀಗರಿಗೆ ಮಾತ್ರ ಫೋನ್ ಮಾಡಿದ್ದೆ. ಅವರು ಬಾನೆಟ್ ಎತ್ತಿ ಗಾಡಿ ಚಾಲೂ ಮಾಡಿ, ಟವಲ್ ತರುತ್ತೇನೆಂದು ಒಳಗೆ ಹೋದರು. ನಾನು ಸೊಂಟದವರೆಗೆ ಎಂಜಿನ್ನಿನೊಳಗೆ ಬಗ್ಗಿ, ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮ್ಯಾನಿಫೋಲ್ಡಿಗೆ ಹಿಡಿದೆ. ಟಿಕ್, ಟಿಕ್, ಟಿಕ್. ಸಂತೋಷ ತಡೆಯಲಾಗದೆ, "ಮುರದೈತಿ! ಮುರದೈತಿ!" ಅಂತ ಕೂಗಿದೆ.

ಅದೇ ಹೊತ್ತಿಗೆ ಬೀಗತಿ ಅಂಗಳಕ್ಕೆ ಸಗಣಿ ನೀರು ಹಾಕಲು ಬಕೀಟು ಹಿಡಿದು ಹೊರಗೆ ಬಂದಿದ್ದರು. ಅವರಿಗೆ ಕಂಡದ್ದು ಯಾವನೋ ಒಬ್ಬನ ಹಿಂಭಾಗ, ಕೇಳಿದ್ದು ಅಪಶಕುನ. "ಯಾವನಲೇ ಅಂವಾ, ಏಳತಲೇ ಮನಿ ಮುಂದ ಮುರದೈತಿ ಅನ್ನಾಂವ!" ಅಂದವರೇ ಬಕೀಟು ಪೂರ್ತಿ ಎರಚಿದರು.

ತಿರುಗಿದೆ. "ಅಯ್ಯ ಶಿವನ, ಅಣ್ಣಾರ!" ಅಂತ ಸೆರಗು ಎಳೆದುಕೊಂಡು ಒಳಗೆ ಓಡಿದರು. ಬೀಗತಿಯ ಎದುರು ನಾನು ಅದುವರೆಗೆ ಕಾಲು ಚಾಚಿ ಕೂಡ ಕೂತವನಲ್ಲ. ಎಲ್ಲಿಗೆ ನೀರು ಬಿತ್ತು ಅನ್ನುವುದನ್ನು ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತದೆ.

ಬೀಗರು ಟವಲ್ ಹಿಡಿದು ಹೊರಗೆ ಬರುವಷ್ಟರಲ್ಲಿ ಎಂಜಿನ್ನು ಕಾದು ಸಪ್ಪಳ ನಿಂತಿತ್ತು. ಗಾಡಿಯನ್ನು ನೋಡಿದರು, ತೊಟ್ಟಿಕ್ಕುತ್ತಿದ್ದ ನನ್ನನ್ನು ನೋಡಿದರು. ಬಹಳ ಆಸಕ್ತಿಯಿಂದ ಕೇಳಿದರು: "ಸಗಣಿ ನೀರಿಗೆ ನಿಂತ್ ಬಿಡ್ತೈತೇನ್ರಿ ಇದು?"

೨. ಜೇಬಿನ ಹೊಗೆ

ಎಂಟರಲ್ಲಿ ಒಂದು ಸ್ಟಡ್ ತಾನಾಗಿ ಮುರಿದಿತ್ತು. ಅದು ನನ್ನ ತಪ್ಪಲ್ಲ. ಉಳಿದ ಏಳನ್ನೂ ಬಿಚ್ಚಿ ಹೊಸವು ಹಾಕಬೇಕಿತ್ತು.

ಬೀಗರು ಗಾಡಿಯ ಜೊತೆಗೇ ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡರು. ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಟ್ಟೆ, ಕೂರಲಿಲ್ಲ. "ನಿಮ್ಮ ಕೈಗುಣ ಕಣ್ಣಾರೆ ನೋಡಬೇಕ್ರಿ" ಅಂತ ಮೊಬೈಲಿನ ಬ್ಯಾಟರಿ ಬೆಳಕು ಹಿಡಿದು ನನ್ನ ಭುಜಕ್ಕೆ ಗಲ್ಲ ತಾಗಿಸಿ ನಿಂತರು. ಇಂಥ ಕೆಲಸಕ್ಕೆ ಎಣ್ಣೆ ಬಿಟ್ಟು ಒಂದು ದಿನ ಸುಮ್ಮನಿರಬೇಕು. ಆಮೇಲೆ ಕಾಯಿಸಿ, ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಆಡಿಸಬೇಕು. ಬೀಗರು ನೋಡುತ್ತಿದ್ದಾರೆ ಅಂತ ನಾನು ಅವಸರ ಮಾಡಿದೆ. ತೋರಿಸಿಕೊಳ್ಳುವ ಚಪಲ, ಬೇರೇನೂ ಅಲ್ಲ.

ಮೊದಲೆರಡು ಚೆನ್ನಾಗಿಯೇ ಬಂದವು. "ಭೇಷ್!" ಅಂದರು. ಮೂರನೆಯದನ್ನು ಗ್ಯಾಸಿನಲ್ಲಿ ಕಾಯಿಸಿ ಪಾನಾ ಹಾಕಿ ತಿರುಗಿಸಿದೆ. ಠಕ್. ಆ ಸದ್ದು ಮೊದಲು ಕೇಳಿಸುವುದು ಅಂಗೈಗೆ.

"ಏನಾತ್ರಿ?"

"ಬಂತ್ರಿ" ಅಂದೆ. ಪೂರ್ತಿ ಸುಳ್ಳಲ್ಲ, ಅರ್ಧ ಬಂದಿತ್ತು.

ನಟ್ಟು ಕಚ್ಚಿಕೊಂಡಿದ್ದ ಆ ಮುರಿದ ಅರ್ಧವನ್ನು ಬೀಗರ ಕಣ್ಣಿಗೆ ಬೀಳದ ಹಾಗೆ ಅಂಗಿಯ ಜೇಬಿಗೆ ಇಳಿಬಿಟ್ಟೆ. ಕೈಗೆ ಚರ್ಮದ ಗವಸು ಇದ್ದುದರಿಂದ ಎಷ್ಟು ಬಿಸಿ ಇದೆ ಅನ್ನುವುದು ಗೊತ್ತಾಗಲಿಲ್ಲ. ನಾಲ್ಕನೆಯದೂ ಠಕ್ ಅಂದಿತು, ಜೇಬಿಗೆ ಹೋಯಿತು. ಐದನೆಯದೂ ಅಷ್ಟೇ. ಬೀಗರು ಪಕ್ಕದ ಅಂಗಡಿಯವನಿಗೆ, "ನೋಡ್ರಿ, ಒಂದಾದ ಮ್ಯಾಲ ಒಂದ್ ಹೆಂಗ ಬರಾಕತ್ತಾವ" ಅಂತ ಹೇಳಿ ಬಂದರು. ಬಂದವರು ಮೂಗು ಅರಳಿಸಿದರು.

"ಬೀಗ್ರ, ನಿಮ್ಮ ಜೇಬಿನಾಗ ಹೊಗಿ ಬರಾಕತ್ತೈತಿ."

ಎದೆ ಸುಡುತ್ತಿತ್ತು. ಬಾಯಿಗೆ ಬಂದದ್ದು ಒಂದೇ ಮಾತು: "ಬೀಡಿರಿ."

ನಾನು ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ.

"ಮದುವಿ ಮಾತಿನಾಗ ಯಾವ ಚಟಾನೂ ಇಲ್ಲ ಅಂದಿದ್ರಲ್ಲ?"

"ಒಂದೊಂದ್ ಸಲರಿ."

"ಜೇಬಿನಾಗ ಇಟ್ಕೊಂಡ್ ಸೇದ್ತೀರೇನು?" ಅಂದರು, ನಿಜವಾಗಿಯೂ ತಿಳಿದುಕೊಳ್ಳುವ ಧ್ವನಿಯಲ್ಲಿ.

ಸಂಜೆಗೆ ಕಂಪ್ಲಿಯಿಂದ ಬೀಗತಿ ನನ್ನ ಹೆಂಡತಿಗೆ ಫೋನ್ ಮಾಡಿ, ಬೀಡಿ ಬಿಡಿಸಲು ಒಂದು ಕಷಾಯ ಹೇಳಿಕೊಟ್ಟರು. ಹೆಂಡತಿ ನನ್ನ ಅಂಗಿಯನ್ನು ಬೆಳಕಿಗೆ ಹಿಡಿದು ಜೇಬಿನ ತೂತು ನೋಡಿದಳು. ಆಮೇಲೆ ಕೇಳಿದಳು: "ಆರು ಮೂಲಿ ಬೀಡಿ ಎಲ್ಲಿ ಸಿಗ್ತಾವು?"

೩. ಕಮಲಾಪುರದ ಶಿಷ್ಯ

ಮಿಕ್ಕ ಎರಡು ಸ್ಟಡ್ಡು ನನ್ನ ಪುಣ್ಯಕ್ಕೆ ಇಡಿಯಾಗಿ ಬಂದವು. ಎಂಜಿನ್ನಿನೊಳಗೆ ಈಗ ನಾಲ್ಕು ತುಂಡು ಉಳಿದಿದ್ದವು, ಮೂರು ನನ್ನವು, ಒಂದು ದೇವರದು. ತುಂಡಿನ ತಲೆಗೆ ನಟ್ಟು ವೆಲ್ಡ್ ಮಾಡಿ ತಿರುಗಿಸಿದರೆ ಬರುತ್ತವೆ. ರಾತ್ರಿ ಬೀಗರು ಮಲಗಿದ ಮೇಲೆ ಕೂತು ಎರಡನ್ನು ತೆಗೆದೆ. ಇನ್ನೆರಡು ಆಳದಲ್ಲಿ ಮುರಿದಿದ್ದವು, ಜಗ್ಗಲಿಲ್ಲ. ಎಂಜಿನ್ನಿನ ಮೇಲಿನ ಭಾಗವಾದ ಹೆಡ್ಡನ್ನೇ ಬಿಚ್ಚಿ ಇಳಿಸಿದರೆ ಬೀಗರಿಗೆ ಎಲ್ಲ ಗೊತ್ತಾಗುತ್ತದೆ.

ಅಂಥ ತುಂಡು ತೆಗೆಯುವವರು ಈ ಸುತ್ತಿನಲ್ಲಿ ಒಬ್ಬರೇ ಇದ್ದಾರೆ, ಕಮಲಾಪುರದ ಹಿರಿಯ ಮೇಸ್ತ್ರಿ. ಎಪ್ಪತ್ತು ದಾಟಿದವರು. "ಇವನಿಗೆ ತೋಳಿನಾಗ ಶಕ್ತಿ ಐತಿ, ಬೆರಳಿನಾಗ ತಾಳ್ಮಿ ಇಲ್ಲ" ಅಂತ ನನ್ನ ಬಗ್ಗೆ ಯಾರ ಮುಂದೆಯೋ ಅಂದಿದ್ದರು. ಅದಕ್ಕೆ ನಾನು ಎಂಟು ವರ್ಷದಿಂದ ಅವರ ಜೊತೆ ಮಾತು ಬಿಟ್ಟಿದ್ದೆ. ಈಗ ಫೋನ್ ಮಾಡಿ, "ಯಜಮಾನ್ರ, ಬೀಗರ ಗಾಡಿರಿ, ಮಗಳ ಮನಿ ಮಾತು" ಅಂದೆ. ಅವರು "ಬರ್ತೀನಿ" ಅಂದರು.

ಬೀಗರನ್ನು ಹಂಪಿಗೆ ಕಳಿಸಿದೆ. ವಿರೂಪಾಕ್ಷನ ದರ್ಶನ ಮಾಡಿ, ನದಿ ನೋಡಿ, ಸಂಜೆ ಬರಲಿ ಅಂತ ಹೆಂಡತಿಯನ್ನೂ ಜೊತೆಗೆ ಆಟೋ ಹತ್ತಿಸಿದೆ. ಕಡ್ಡಿರಾಂಪುರ ಮುಟ್ಟುವಷ್ಟರಲ್ಲಿ ಬೀಗರಿಗೆ, "ನನ್ನ ಗಾಡಿ ಅಲ್ಲಿ ಬಾಯಿ ಬಿಟ್ಕೊಂಡ್ ಮಲಗೈತಿ, ನಾ ಇಲ್ಲಿ ದೇವರ ಮುಂದ ನಿಂತು ಏನ್ ಬೇಡ್ಕೊಳ್ಳಲಿ" ಅನ್ನಿಸಿ ಆಟೋ ತಿರುಗಿಸಿದ್ದಾರೆ. ಕಮಲಾಪುರದ ಯಜಮಾನರು ವೆಲ್ಡಿಂಗ್ ಹಿಡಿದು ಬಗ್ಗಿದ್ದಾರೆ, ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೇನೆ, ಬೀಗರು ಒಳಗೆ ಬಂದರು.

"ಇವ್ರು ಯಾರ್ರಿ?"

"ಕೆಲಸ ಕಲಿಯಾಕ ಬಂದಾರ್ರಿ" ಅಂದೆ.

ಯಾಕೆ ಹಾಗಂದೆ ಅಂತ ದೇವರಾಣೆ ನನಗೆ ಗೊತ್ತಿಲ್ಲ. ಯಜಮಾನರು ಕಪ್ಪು ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿದರು.

"ಈ ವಯಸ್ಸಿನಾಗ?"

"ಆಸಕ್ತಿರಿ."

ವೆಲ್ಡಿಂಗ್ ಬೆಳಕು ನೋಡಿದರೆ ಕಣ್ಣು ಹೋಗುತ್ತದೆಂದು ಬೀಗರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಅವರು ಗೋಡೆ ನೋಡುತ್ತಲೇ ಹುರಿದುಂಬಿಸಿದರು: "ಯಜಮಾನ್ರ, ಪುಣ್ಯ ಮಾಡೀರಿ. ನಮ್ಮ ಬೀಗರ ಹಂತ್ಯಾಕ ಕಲತ್ರ ಮುರಿಯೂದು ಅಂದ್ರ ಏನಂತನೂ ಗೊತ್ತಾಗಂಗಿಲ್ಲ. ಲಕ್ಷ್ಯ ಕೊಟ್ಟ ನೋಡ್ರಿ." ಯಜಮಾನರು ಕಪ್ಪು ಕನ್ನಡಕ ಇಳಿಸಿ ಮತ್ತೆ ಬಗ್ಗಿದರು. ಒಂದೊಂದು ತುಂಡಿಗೂ ನಾಲ್ಕು ಸಲ ನಟ್ಟು ಹಚ್ಚಿ, ನಾಲ್ಕು ಸಲ ಆರಲು ಬಿಟ್ಟು, ಎರಡು ಬೆರಳಲ್ಲಿ ತಿರುವಿ ಎರಡನ್ನೂ ತೆಗೆದರು. ಆ ತಾಳ್ಮೆ ನನ್ನಲ್ಲಿ ಇಲ್ಲ. ಅವರು ಅಂದಿದ್ದು ಸರಿಯಾಗಿಯೇ ಇತ್ತು.

ಆಮೇಲೆ ಬೀಗರಿಗೆ ಕೇಳುವ ಹಾಗೆ, "ಗುರುಗಳ, ಸರಿ ಐತೇನ್ರಿ?" ಅಂದರು.

"ಹೂಂ. ಪರವಾಗಿಲ್ಲ" ಅಂದೆ.

ಹೋಗುವಾಗ ಬೀಗರ ಎದುರಿಗೇ ಬಗ್ಗಿ ನನ್ನ ಕಾಲು ಮುಟ್ಟಿದರು. ನನ್ನ ಅಪ್ಪನ ವಯಸ್ಸಿನವರು! ಏಳುವಾಗ ಕಿವಿಯ ಹತ್ತಿರ ಹೇಳಿದರು: "ಬಿಡುವು ಮಾಡ್ಕೊಂಡು ಕಮಲಾಪುರಕ್ಕ ಬಾ ಮಗನ, ಗುರುದಕ್ಷಿಣಿ ಕೊಡ್ತೀನಿ." ಅಂದಿನಿಂದ ನಾನು ಕಮಲಾಪುರದ ದಾರಿ ಹಿಡಿದಿಲ್ಲ.

೪. ಮುಚ್ಚಳ ಕೂರದ ಡಬ್ಬಿ

ಹೊಸ ಸ್ಟಡ್ಡು ಹಾಕಿ, ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಹದವಾಗಿ ಬಿಗಿದೆ. ಬೆಳಿಗ್ಗೆ ತಣ್ಣಗಿದ್ದಾಗಲೇ ಚಾಲೂ ಮಾಡಿದರೆ ಒಂದು ಟಿಕ್ ಇಲ್ಲ. ಬೀಗರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

"ಹಳೇವು?" ಅಂದರು.

ನಮ್ಮ ಕಡೆ ಗ್ಯಾರೇಜುಗಳಲ್ಲಿ ಒಂದು ರೂಢಿ ಇದೆ. ಹೊಸ ಸಾಮಾನು ಬಂದ ಡಬ್ಬಿಯಲ್ಲೇ ಹಳೆಯದನ್ನು ಹಾಕಿ ಮಾಲೀಕರ ಕೈಗೆ ಕೊಡಬೇಕು. ಬದಲಾಯಿಸಿದ್ದೇವೆ ಅನ್ನುವುದಕ್ಕೆ ಅದೇ ಸಾಕ್ಷಿ. ನನ್ನ ಹತ್ತಿರ ನಾಲ್ಕು ಇಡೀ ಸ್ಟಡ್ಡು, ಎಂಟು ತುಂಡು ಇದ್ದವು. ಒಳಗೆ ಓಡಿ, ಮೂಲೆಯಲ್ಲಿ ಬಿದ್ದಿದ್ದ ಯಾವುದೋ ಲಾರಿಯ ಎಂಟು ಇಡೀ ಸ್ಟಡ್ಡು ಡಬ್ಬಿಗೆ ತುರುಕಿದೆ. ಅವು ಒಂದೂವರೆ ಪಟ್ಟು ಉದ್ದ ಇದ್ದವು. ಮುಚ್ಚಳ ಕೂರಲಿಲ್ಲ. ಒತ್ತಿ ಟೇಪು ಸುತ್ತಿ ಕೊಟ್ಟೆ.

ಅಂದು ಮಧ್ಯಾಹ್ನ ಮಗಳ ಫೋನು. ದನಿ ಬಹಳ ಸಣ್ಣದಿತ್ತು.

"ಅಪ್ಪಾ, ಲಾರಿದು ಯಾಕ ಕೊಟ್ಟಿ?"

ಅವಳು ನನ್ನ ಗ್ಯಾರೇಜಿನಲ್ಲೇ ಅಂಬೆಗಾಲಿಟ್ಟವಳು. ಮಾವ ಮನೆಯವರೆಲ್ಲರ ಮುಂದೆ ಡಬ್ಬಿ ಬಿಚ್ಚಿ, "ಹೊಸವು ಇದರಾಗ ಸರಿಯಾಗಿ ಕುಂತಿದ್ವು. ಹಳೇವು ಯಾಕ ಹಿಡಿಯವಲ್ವು?" ಅಂತ ಕೇಳಿದಾಗ ಅವಳಿಗೆ ಒಂದೇ ನೋಟಕ್ಕೆ ಎಲ್ಲ ತಿಳಿದಿದೆ.

"ನೀ ಏನಂದಿ?"

"ಬಿಸಿಗೆ ಬೆಳೀತಾವ್ರಿ ಮಾವಾರ, ಟರ್ಬೋ ಬಿಸಿ ಭಾಳ ಇರ್ತೈತಿ, ವರ್ಷಾ ಇಷ್ಟಿಷ್ಟು ಬೆಳೀತಾವು ಅಂದೆ." ಆಮೇಲೆ, "ಎಷ್ಟು ಮುರದ್ವು?" ಅಂದಳು.

"ಮೂರವ್ವ."

"ನಾ ಈ ಮನಿಗೆ ಬಂದ ಮ್ಯಾಲ ಒಂದೂ ಸುಳ್ಳ ಹೇಳಿದ್ದಿಲ್ಲಪ್ಪಾ."

ಜೀವನದಲ್ಲಿ ಎಷ್ಟೋ ಬೈಗುಳ ತಿಂದಿದ್ದೇನೆ. ಯಾವುದೂ ಆ ಮಾತಿನಷ್ಟು ನಾಟಿರಲಿಲ್ಲ. ನನ್ನ ಹೆಸರು ಉಳಿಸಲು ಗಂಡನ ಮನೆಯಲ್ಲಿ ಅವಳು ತನ್ನ ಮಾತು ಕೆಡಿಸಿಕೊಂಡಿದ್ದಳು. "ನಾ ಈಗಲೇ ಫೋನ್ ಮಾಡಿ ಖರೇ ಹೇಳ್ತೀನಿ, ಮಾವಾರು ಎಲ್ಲದಾರ?" ಅಂದೆ.

"ಮನ್ಯಾಗಿಲ್ಲ. ಬೆಳದ ಸ್ಟಡ್ ತೋರಸಾಕ ಡಬ್ಬಿ ಹಿಡ್ಕೊಂಡು ಬಜಾರಕ್ಕ ಹೋಗ್ಯಾರ" ಅಂದಳು.

೫. ಮೊಸರು, ಮಲ್ಲಿಗೆ, ಸ್ಟಡ್ಡು

ಎರಡು ತಿಂಗಳಿಗೆ ಬಸುರಿ ಮಗಳ ಕುಬಸ, ಅಂದರೆ ಸೀಮಂತ. ಹೋಳಿಗೆ, ಬುತ್ತಿ, ಹಸಿರು ಸೀರೆ, ಬಳೆ ಎಲ್ಲ ಕಟ್ಟಿಕೊಂಡು ಕಂಪ್ಲಿಗೆ ಹೋದೆವು. ಈ ಎರಡು ತಿಂಗಳಲ್ಲಿ ಹತ್ತು ಸಲ ಫೋನ್ ಕೈಗೆತ್ತಿಕೊಂಡು ಹತ್ತು ಸಲವೂ ಇಟ್ಟಿದ್ದೆ. ಎದುರಿಗೆ ಹೇಳಿಬಿಡೋಣ ಅಂತ ಗಟ್ಟಿ ಮನಸ್ಸು ಮಾಡಿ ಹೋದರೆ, ಮನೆಯ ತುಂಬ ಜನ. ಮಿಲ್ಲಿನವರು, ಅಂಗಡಿಯವರು, ಓಣಿಯ ಹಿರಿಯರು. ಉಡಿ ತುಂಬುವ ಶಾಸ್ತ್ರ ಮುಗಿಯುತ್ತಿದ್ದಂತೆ ಬೀಗರು ನನ್ನ ತೋಳು ಹಿಡಿದು, "ಒಳಗ ಬರ್ರಿ, ಒಂದ್ ಮಾತೈತಿ" ಅಂತ ಅಡುಗೆಮನೆಗೆ ಕರೆದೊಯ್ದರು. ಹಿಂದೆಯೇ ಮಗಳೂ ಬಂದು ಬಾಗಿಲಲ್ಲಿ ನಿಂತಳು.

ಬೀಗರು ಫ್ರಿಜ್ ತೆಗೆದರು. ಮೊಸರಿನ ಗಡಿಗೆಗೂ ಮಲ್ಲಿಗೆ ಮಾಲೆಗೂ ನಡುವೆ ನನ್ನ ಡಬ್ಬಿ ಇತ್ತು.

"ಎಲ್ಡ್ ತಿಂಗಳಾತ್ರಿ ಇಟ್ಟು. ಬಿಸಿಗೆ ಬೆಳದದ್ದು ತಂಪಿಗೆ ಕುಗ್ಗಬೇಕಲ್ರಿ? ದಿನಾ ಅಳತಿ ಪಟ್ಟಿ ಹಿಡದ್ ನೋಡ್ತೀನಿ. ಒಂದೀಟೂ ಕುಗ್ಗವಲ್ವು."

"ಹಾಲಿಡಾಕ ಜಾಗ ಇಲ್ರಿ ಅಣ್ಣಾರ" ಅಂದರು ಬೀಗತಿ.

ನಾನು ಕೈಮುಗಿದೆ. ಎಲ್ಲ ಹೇಳಿದೆ. ಮುರಿದದ್ದು, ಜೇಬಿನಲ್ಲಿ ಬಚ್ಚಿಟ್ಟದ್ದು, ಸೇದದ ಬೀಡಿ, ಕಾಲು ಮುಟ್ಟಿದ ಯಜಮಾನರು, ಲಾರಿಯ ಸ್ಟಡ್ಡು. "ತಪ್ಪು ಪೂರಾ ನಂದರಿ ಬೀಗ್ರ. ಅಕಿ ಹೇಳಿದ್ದು ನನ್ನ ಮಾನ ಉಳಸಾಕ. ಅಕಿನ್ನ ಏನೂ ಅನಬ್ಯಾಡ್ರಿ" ಅಂದೆ. ಹೇಳಿ ಮುಗಿಸಿದಾಗ ಎದೆ ಹಗುರಾಗಿತ್ತು.

ಬೀಗರು ಅಕ್ಕಿ ಚೀಲದ ಮೇಲೆ ಕೂತುಬಿಟ್ಟರು. ಅಲ್ಲಿಂದಲೇ ಕೇಳಿದರು: "ಹಂಗಾರ ಬೆಳಿಯಂಗಿಲ್ಲೇನ್ರಿ?"

"ಇಲ್ರಿ."

"ಸ್ವಲ್ಪಾನೂ?"

"ಕಣ್ಣಿಗೆ ಕಾಣೂವಷ್ಟು ಇಲ್ರಿ."

ಟವಲಿನಿಂದ ಮುಖ ಒರೆಸಿಕೊಂಡರು. "ಮುರದದ್ದು ಹೋಗ್ಲಿ ಬಿಡ್ರಿ, ಕಬ್ಬಿಣ ಅಂದ ಮ್ಯಾಲ ಮುರೀತೈತಿ. ಮಗಳು ಅಪ್ಪನ ಕಡೆ ನಿಂತಾಳ, ಅದೂ ತಪ್ಪಲ್ಲ. ಆದ್ರ ಹೊರಗ ಕುಂತ ಅಷ್ಟೂ ಮಂದಿಗೆ ನಾ ಹೇಳೀನಿ ಬೀಗ್ರ. ಹೈಸ್ಕೂಲಿನ ವಿಜ್ಞಾನದ ಮಾಸ್ತರು ಬೆಳಿಯಂಗಿಲ್ಲ ಅಂದ್ರು. ಓದಿದ್ದು ಸಾಲಂಗಿಲ್ಲ ಅಂತ ನಾಕ್ ಮಂದಿ ಮುಂದ ಅವ್ರ ಜೋಡಿ ಜಗಳ ಮಾಡೀನಿ. ಅವ್ರೂ ಹೊರಗ ಕುಂತಾರ."

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈ ಹಿಡಿದು ಎಳೆದುಕೊಂಡು ಪಡಸಾಲೆಯ ನಡುವೆ ನಿಲ್ಲಿಸಿದರು.

ಮಾಸ್ತರು ಎದ್ದು ನಿಂತರು. ಸಾದಾ ಮನುಷ್ಯ, ಸಮಾಧಾನದ ಮುಖ. "ಮೇಸ್ತ್ರಿ, ನಿಮ್ಮ ಅನುಭವ ದೊಡ್ಡದು. ನೀವ ಹೇಳ್ರಿ. ಖರೇನ ಬೆಳೀತಾವೇನು?"

ಬೀಗರ ಕೈ ನನ್ನ ಕೈಯನ್ನು ಅದುಮುತ್ತಿತ್ತು. ಮಗಳ ಕಡೆ ನೋಡಿದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು, ಮೊಣಕೈವರೆಗಿನ ಹಸಿರು ಬಳೆಗಳೆಲ್ಲ ನಗುವಿಗೆ ಗಲಗಲ ಅನ್ನುತ್ತಿದ್ದವು. ಸತ್ಯ ಹೇಳಿ ಇನ್ನೂ ಎರಡು ನಿಮಿಷ ಆಗಿರಲಿಲ್ಲ.

"ಬೆಳೀತಾವ್ರಿ ಮಾಸ್ತರ" ಅಂದೆ.

ಮಾಸ್ತರು ಬೀಗರ ಕಡೆ ತಿರುಗಿ, "ಯಜಮಾನ್ರ, ನಂದು ತಪ್ಪಾತ್ರಿ" ಅಂತ ಕೈಮುಗಿದರು. ಬೀಗರು ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಹೋಳಿಗೆಗೆ ತಾವೇ ತುಪ್ಪ ಹಾಕಿದರು. ನಾನು ಎಲೆಯಿಂದ ತಲೆ ಎತ್ತದೆ ಊಟ ಮುಗಿಸಿ, ಸಿಕ್ಕ ಮೊದಲ ಬಸ್ಸು ಹತ್ತಿದೆ.

ಹೋದ ವಾರ ಕಂಪ್ಲಿಯಿಂದ ಒಬ್ಬ ಗಿರಾಕಿ ಬಂದ. ಟರ್ಬೋ ಗಾಡಿ, ತಣ್ಣಗಿದ್ದಾಗ ಟಿಕ್ ಟಿಕ್. ಹೊಸ ಸ್ಟಡ್ಡು ತೆಗೆದು ತೋರಿಸಿದೆ. ಅವನು ಅಂಗೈಯಲ್ಲಿಟ್ಟು ಅಳೆದು ನೋಡಿ, ಬೇಡ ಅಂತ ತಲೆಯಾಡಿಸಿದ.

"ಇವಕ್ಕಿಂತ ಒಂದೀಟು ಗಿಡ್ಡವು ಹಾಕ್ರಿ. ಮುಂದ ಹೆಂಗೂ ಬೆಳೀತಾವಲ್ಲ."

"ಯಾರ್ ಹೇಳಿದ್ರು ನಿಮಗ?" ಅಂದೆ, ಬೀಗರ ಹೆಸರು ಕೇಳಲು ಮನಸ್ಸು ಗಟ್ಟಿಮಾಡಿಕೊಂಡು.

"ನಮ್ಮ ಹುಡುಗನ ನೋಟಬುಕ್ಕಿನಾಗ ಐತ್ರಿ. ವಿಜ್ಞಾನದ ಮಾಸ್ತರು ಬೋರ್ಡಿನ ಮ್ಯಾಲ ಬರದಾರ."